ಈರಬಸಪ್ಪನವರ ಕಂಪ್ಯೂಟರ್ ಮುಟ್ಟಿದವರು

ಹೊಳಲ್ಕೆರೆಯ ಉಣ್ಣೆ ಉತ್ಪಾದಕರ ಸಂಘದ ಶಾಖೆಯಲ್ಲಿ ಈರಬಸಪ್ಪನವರು ಇಪ್ಪತ್ತೊಂಬತ್ತು ವರ್ಷದಿಂದ ಗುಮಾಸ್ತರು. ಯಾವ ಕುರಿಗಾರ ಯಾವ ಹಟ್ಟಿಯವನು ಎಂದು ಕೇಳಿದರೆ ತಡವರಿಸದೆ ಹೇಳುವ ಮನುಷ್ಯ. ತಲೆಗೆ ಹತ್ತದ್ದು ಕಂಪ್ಯೂಟರ್ ಒಂದೇ. ಅದನ್ನೂ ಹೇಗೋ ಪಳಗಿಸಿ, ಪರದೆಯ ಮೇಲೆ ತಮ್ಮ ಜೋಡೆತ್ತಿನ ಫೋಟೊ ಹಾಕಿಕೊಂಡು ನೆಮ್ಮದಿಯಾಗಿದ್ದರು.

ಹೋದ ಆಷಾಢದಲ್ಲಿ ಶುರುವಾಯಿತು ನೋಡಿ ಪೀಕಲಾಟ! ಬೆಳಗ್ಗೆ ಬಂದು ಸ್ವಿಚ್ ಹಾಕಿದರೆ ಎತ್ತುಗಳೇ ಇಲ್ಲ. ಸಂಘದ ಟಗರಿನ ಮುದ್ರೆ ಕಣ್ಣು ಬಿಟ್ಟುಕೊಂಡು ಕೂತಿದೆ. ಟೀ ಕುಡಿದು ಬರುವಷ್ಟರಲ್ಲಿ ಪರದೆ ಮುಚ್ಚಿಕೊಂಡು ಪಾಸ್‌ವರ್ಡ್ ಕೇಳುತ್ತದೆ. ಸಂಜೆ ಮತ್ತೆ ಎತ್ತುಗಳನ್ನು ಹಾಕಿ ಹೋದರು. ಬೆಳಗ್ಗೆ ಮತ್ತೆ ಟಗರು. ಮೂರು ದಿನ ಇದೇ ಕಥೆ. ತಾವೇ ಹಾಕಿದ್ದು ಕನಸೋ ಏನೋ ಎಂದು ಅವರಿಗೇ ಅನುಮಾನ ಹತ್ತಿತು.

ಆಫೀಸಿನ ಬೀಗದ ಕೈ ಇರುವುದು ಜುಂಜಮ್ಮನ ಹತ್ತಿರ. ಎಂಟಕ್ಕೆ ಬಂದು ಬಾಗಿಲು ತೆಗೆದು ಕಸ ಹೊಡೆಯುವವಳು. ಆ ಸಂಬಳದಲ್ಲೇ ಮಗಳನ್ನು ಸಿರಿಗೆರೆಯಲ್ಲಿ ಓದಿಸುತ್ತಿದ್ದಳು. ಆಕೆಯಲ್ಲದೆ ಇನ್ಯಾರು? ಪರೀಕ್ಷಿಸಲು ಈರಬಸಪ್ಪನವರು ಜೇಬಿನ ವಿಭೂತಿ ಗಟ್ಟಿಯನ್ನು ಉಜ್ಜಿ, ಕೀಲಿಮಣೆಯ ಮೇಲೆ ಪುಡಿ ಉದುರಿಸಿ ಹೋದರು. ಬೆಳಗ್ಗೆ ನೋಡಿದರೆ ಪುಡಿ ಇದ್ದ ಹಾಗೇ ಇದೆ. ಪರದೆಯ ಮೇಲೆ ಮಾತ್ರ ಟಗರು!

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಇವರು ಬಿಟ್ಟಾರೆಯೇ? "ಎಂಥಾ ಕಿಲಾಡಿ ಹೆಂಗಸು! ಒರೆಸಿ, ಮತ್ತೆ ಹಂಗೇ ಉದುರಿಸ್ಯಾಳೆ" ಎಂದು ಹಲ್ಲು ಕಡಿದರು. ಚಿತ್ರದುರ್ಗದ ಮುಖ್ಯ ಕಚೇರಿಗೆ ದೂರು ಬರೆದರು. ಕಂಪ್ಯೂಟರಿನಲ್ಲಿ ಬರೆದರೆ ಕಳ್ಳಿಗೆ ಗೊತ್ತಾದೀತೆಂದು ಕೈಯಲ್ಲೇ ಬರೆದು ಟಪಾಲಿಗೆ ಹಾಕಿದರು.

ಐದನೇ ದಿನ ಆದೇಶ ಬಂತು. ಜುಂಜಮ್ಮ ನಾಳೆಯಿಂದ ಬರುವುದು ಬೇಡ.

"ನಾನೇನು ಮಾಡೀನಿ ಸಾಮಿ?" ಎಂದು ಆಕೆ ಬೀಗದ ಕೈ ಹಿಡಿದು ನಿಂತಳು. ಈರಬಸಪ್ಪನವರು ಫೈಲಿನಿಂದ ತಲೆ ಎತ್ತಲಿಲ್ಲ.

ಆ ಸಂಜೆಯೂ ಎತ್ತುಗಳನ್ನು ಹಾಕಿ, ಬೀಗದ ಕೈ ತಾವೇ ಇಟ್ಟುಕೊಂಡು ಹೋದರು. ಮರುದಿನ ತಾವೇ ಬಾಗಿಲು ತೆಗೆದರು. ಒಳಗೆ ನರಪಿಳ್ಳೆ ಇಲ್ಲ. ಸ್ವಿಚ್ ಹಾಕಿದರು. ಟಗರು!

ಮುಖ್ಯ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ರಾಮಾಂಜನೇಯನಿಗೆ ಫೋನ್ ಮಾಡಿದರು.

"ಅದು ನಾನೇ ಸಾರ್" ಎಂದ ಆತ ನಗುತ್ತ. "ಇಲ್ಲಿ ಒಂದ್ಸಲ ಒತ್ತಿದ್ರೆ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಲ್ಲಾ ಕಡೆ ಒಂದೇ ಥರ ಆಗ್ತೈತೆ. ನೀವು ಬದ್ಲಾಯಿಸಿದ್ರೂ ಬೆಳಗ್ಗೆ ವಾಪಸ್ ಬರ್ತೈತೆ."

"ರೂಮಿಗೆ ಬರದೇನೇ?"

"ಬರೋದ್ಯಾಕೆ ಸಾರ್? ನೆಟ್‌ವರ್ಕ್ ಐತಲ್ಲ."

ಈರಬಸಪ್ಪನವರಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. "ಹಂಗಾರೆ ನನ್ನ ದೂರಿನ ಕಾಗ್ದಾನೂ ಅಲ್ಲೇ ಕುಂತು ಅಳಿಸಿಬಿಡಪ್ಪ" ಎಂದು ಗೋಗರೆದರು.

"ಕೈಯಾಗೆ ಬರೆದಿದ್ದಲ್ವ ಸಾರ್? ಅದು ಕಾರ್ಯದರ್ಶಿಗಳ ಫೈಲಾಗೈತೆ. ನೀವೇ ಬರ್ರಿ."

ಸಿಕ್ಕಿದ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋದರು. ಕಾರ್ಯದರ್ಶಿಗಳ ಮುಂದೆ ನಿಂತರು. "ತಪ್ಪು ನಂದು ಸಾರ್. ಯಾರೂ ಮುಟ್ಟಿಲ್ಲ. ಆದ್ರೂ ಬದಲಾಗೈತೆ." ಅವರು ಕನ್ನಡಕ ತೆಗೆದು ಇವರನ್ನೇ ಮೇಲಿಂದ ಕೆಳಗೆ ನೋಡಿದರು. ರಾಮಾಂಜನೇಯ ಬಂದು ಬಿಡಿಸಿ ಹೇಳಿದ ಮೇಲೆ, ಚೆನ್ನಾಗಿ ಬೈದು ಆದೇಶ ವಾಪಸ್ ತೆಗೆದುಕೊಂಡರು. ಅದೇ ಸಂಜೆ ಈರಬಸಪ್ಪನವರು ಜುಂಜಮ್ಮನ ಮನೆಗೆ ಹೋಗಿ, ಅಂಗಳದಲ್ಲೇ ನಿಂತು ಎಲ್ಲವನ್ನೂ ಹೇಳಿ ಕೈ ಮುಗಿದರು. ಆಕೆ ಬೀಗದ ಕೈ ಈಸಿಕೊಂಡು ಒಳಗೆ ಹೋದಳು.

ಮರುದಿನ ಎಂಟಕ್ಕೆ ಬಂದು ಆಫೀಸೆಲ್ಲ ಗುಡಿಸಿದಳು. ಈರಬಸಪ್ಪನವರ ಕೋಣೆಯ ಹೊಸ್ತಿಲಿಗೆ ಬಂದವಳು ಕಸಬರಿಗೆಯನ್ನು ಗೋಡೆಗೆ ಒರಗಿಸಿಟ್ಟಳು.

"ಇದೊಂದು ನೀವೇ ಹೊಡ್ಕಳ್ರಿ ಸಾಮಿ. ಮುಟ್ಟದಿದ್ದಾಗ್ಲೇ ಕಳ್ಳಿ ಆದೆ. ನಾಳೆ ಇನ್ನೊಂದು ಬದಲಾದ್ರೆ, ನಾನಲ್ಲ ಅಂತ ಯಾರ ಹತ್ರ ಹೇಳ್ಲಿ?"