ಚಬಾ ಮೇಷ್ಟ್ರನ್ನು ಸೋಲಿಸಿದ್ದು

ಖೋನ್ ಕೇನ್ ಊರಿನ ಕೆರೆ ಹಿಂದಿನ ಬೀದಿಯಲ್ಲಿ ಚಬಾಳ ಬಟ್ಟೆ ಒಗೆಯುವ ಅಂಗಡಿ ಇದೆ. ಸೋಮವಾರ ಅಂಗಡಿಗೆ ರಜೆ. ಆದರೆ ಸೋಮವಾರ ಮಧ್ಯಾಹ್ನ ಆ ಕಡೆ ಹೋದವರಿಗೆ ಅರ್ಧ ಎಳೆದ ಷಟರಿನ ಒಳಗಿಂದ ದಾಳ ಉರುಳುವ ಸದ್ದು, ನಗು, ಒಮ್ಮೊಮ್ಮೆ ಜಗಳ ಕೇಳಿಸುತ್ತದೆ. ಒಗೆದು ಒಣಗಿಸಿದ ರಜಾಯಿಗಳನ್ನು ಮೂರು ಕಡೆ ಗೋಡೆಯ ಹಾಗೆ ತೂಗುಹಾಕಿ, ನಡುವೆ ಇಸ್ತ್ರಿ ಮೇಜಿನ ಮೇಲೆ ಮೈಕು ಇಟ್ಟುಕೊಂಡು ಚಬಾ ತನ್ನ ಪಾಡ್‌ಕಾಸ್ಟ್ ಮಾಡುತ್ತಿರುತ್ತಾಳೆ. ರಜಾಯಿಗಳು ಸದ್ದನ್ನು ಚೆನ್ನಾಗಿ ಹೀರಿಕೊಳ್ಳುತ್ತವೆ. ತಮ್ಮ ರಜಾಯಿಗಳು ಈ ಕೆಲಸಕ್ಕೂ ಬರುತ್ತವೆ ಎಂದು ಗಿರಾಕಿಗಳಿಗೆ ಇದುವರೆಗೆ ಯಾರೂ ಹೇಳಿಲ್ಲ.

ಪಾಡ್‌ಕಾಸ್ಟಿನ ಹೆಸರು ‘ಡಬ್ಬ ಬಿಚ್ಚೋಣ’. ಹೊಸದಾಗಿ ಬಂದ ಬೋರ್ಡ್ ಆಟವೊಂದರ ಡಬ್ಬ ಬಿಚ್ಚಿ, ಆಡಿ, ಹೇಗಿದೆ ಎಂದು ಹೇಳುವುದು, ಅಷ್ಟೆ. ‘ಅಷ್ಟೆ’ ಎಂದರೆ ಚಬಾಗೆ ಮೂಗಿನ ತುದಿಗೆ ಸಿಟ್ಟು ಬರುತ್ತದೆ. ಅವಳ ಪ್ರಕಾರ ಆಟ ಆಡುವುದು ಬೇರೆ, ಆಟದ ಬಗ್ಗೆ ನಿಜ ಹೇಳುವುದು ಬೇರೆ. ಜೇನು ಸಾಕುವ ಆಟವೊಂದು ಬಂದಾಗ ಊರಿಗೆ ಊರೇ ಅದರ ಚಿತ್ರಗಳನ್ನು ನೋಡಿ ಬಾಯಿ ಬಿಟ್ಟಿತ್ತು. ಚಬಾ ಮೈಕಿನ ಮುಂದೆ, “ಮದುವೆ ಮನೇಲಿ ಅಲಂಕಾರ ಭರ್ಜರಿ, ಊಟಕ್ಕೆ ಕೂತ್ರೆ ಸಾರಲ್ಲಿ ಉಪ್ಪಿಲ್ಲ” ಅಂದುಬಿಟ್ಟಳು. ಎಲ್ಲರೂ ಒಟ್ಟಾಗಿ ದೆವ್ವ ಓಡಿಸುವ ಆಟಕ್ಕೆ, “ಒಬ್ಬ ಎಲ್ಲರಿಗೂ ಅಪ್ಪಣೆ ಕೊಡ್ತಾನೆ, ಮಿಕ್ಕವರು ತಲೆ ಆಡಿಸ್ತಾರೆ. ಇದಕ್ಕೆ ಡಬ್ಬ ಯಾಕೆ, ನಮ್ಮನೆ ಸಮಾರಂಭ ಸಾಕು” ಅಂದಳು. ಪ್ರತಿ ಕಂತಿನ ಕೊನೆಗೂ ಜೊತೆಗಾರ ತ್ಯಾನ್ ಕೇಳುವ ಪ್ರಶ್ನೆ ಒಂದೇ: “ಅಕ್ಕ, ಮತ್ತೆ ಬಿಚ್ಚುತ್ತೀಯಾ?” ಅವಳು ಹೂಂ ಅಂದರೆ ಆ ಆಟ ಗೆದ್ದಿತು, ಊಹೂಂ ಅಂದರೆ ಮುಗಿಯಿತು.

ತ್ಯಾನ್ ಮೊಬೈಲ್ ರಿಪೇರಿ ಅಂಗಡಿಯವನು, ಚಬಾಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು. ಮೈಕು, ತಂತಿ, ಧ್ವನಿ ಕತ್ತರಿಸುವುದು ಎಲ್ಲ ಅವನದು. ಮಾತು ಅವಳದು. ನಡುವೆ ಚಬಾಳ ಅಮ್ಮ ಬಂದು ಮೂಲೆಯಲ್ಲಿ ಟವೆಲ್ ಮಡಚುತ್ತಾ, ಮೈಕಿಗೆ ಕೇಳಿಸುವಷ್ಟು ಜೋರಾಗಿ, “ಈ ವಯಸ್ಸಲ್ಲಿ ಗೊಂಬೆ ಆಡೋ ಮಗಳನ್ನ ಹೆತ್ತೆನಲ್ಲಪ್ಪಾ” ಅನ್ನುತ್ತಾಳೆ. ಅದನ್ನು ತ್ಯಾನ್ ಕತ್ತರಿಸುವುದಿಲ್ಲ. ಕೇಳುಗರಿಗೆ ಅಮ್ಮನೆಂದರೆ ಪ್ರಾಣ.

ಇವರಿಬ್ಬರಿಗೂ ಆಟದ ಹುಚ್ಚು ಹಿಡಿಸಿದವರು ವಿರೋಟ್ ಮೇಷ್ಟ್ರು. ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದರು. ನಕ್ಷೆ ಕಂಡರೆ ತಲೆ ತಿರುಗುತ್ತಿದ್ದ ಚಬಾಗೆ ಅವರು ಒಂದು ರಟ್ಟಿನ ಮೇಲೆ ನದಿ ಬರೆದು, ಅಂಗಿಯ ಗುಂಡಿಗಳನ್ನೇ ದೋಣಿ ಮಾಡಿ ಆಡಿಸಿದರು. ಆಮೇಲೆ ಅವಳು ಯಾವ ನದಿಯನ್ನೂ ಮರೆತಿಲ್ಲ. ನಿವೃತ್ತರಾದ ಮೇಲೂ ಹಳೆಯ ಶಿಷ್ಯರು ಭಾನುವಾರ ಅವರ ಮನೆಯ ಜಗಲಿಯಲ್ಲಿ ಚಾಪೆ ಹಾಸಿಕೊಂಡು ಆಡುತ್ತಿದ್ದರು. ಗುರುಪೂಜೆಯ ಗುರುವಾರ ಹೂವಿನ ತಟ್ಟೆ ಹಿಡಿದು ಅವರ ಮುಂದೆ ಮಂಡಿಯೂರುವವರಲ್ಲಿ ಇವತ್ತಿಗೂ ಚಬಾಳೇ ಮೊದಲು.

ಆ ಜಗಲಿಯಲ್ಲಿ ಯಾರೂ ಬರೆದಿಡದ ಒಂದು ಪದ್ಧತಿ ಇತ್ತು. ಮೇಷ್ಟ್ರು ಹಿರಿಯರು, ಆದ್ದರಿಂದ ಆಟ ಅವರಿಂದ ಶುರು. ಆಮೇಲೆ ಅವರ ದಾರಿಗೆ ಯಾರೂ ಅಡ್ಡ ಹೋಗುವುದಿಲ್ಲ. ಒಳ್ಳೆಯ ನಡೆ ಕಣ್ಣಿಗೆ ಕಂಡರೂ ಕೈ ಪಕ್ಕಕ್ಕೆ ಸರಿಯುತ್ತದೆ. ಯಾರೂ ಯಾರಿಗೂ ಕಣ್ಣು ಹೊಡೆಯುವುದಿಲ್ಲ, ಆಮೇಲೆ ಮಾತಾಡಿಕೊಳ್ಳುವುದೂ ಇಲ್ಲ. ದಾಕ್ಷಿಣ್ಯ ಅಂದರೆ ನಮ್ಮವರಿಗೆ ಉಸಿರಾಟದ ಹಾಗೆ. ಮೇಷ್ಟ್ರು ಗೆಲ್ಲುತ್ತಾರೆ, ಚಪ್ಪಾಳೆ ತಟ್ಟಿಕೊಂಡು ನಗುತ್ತಾರೆ, ಎಲ್ಲರೂ ಅಂಟಕ್ಕಿ ಅನ್ನ, ಸುಟ್ಟ ಕೋಳಿ ತಿಂದು ಮನೆಗೆ ಹೋಗುತ್ತಾರೆ.

ಮೇಷ್ಟ್ರು ತಾವೇ ಒಂದು ಆಟ ಕಟ್ಟಿದಾಗಲೂ ಅದನ್ನು ಆಡಿ ಪರೀಕ್ಷೆ ಮಾಡಿದ್ದು ಅದೇ ಜಗಲಿಯಲ್ಲಿ, ಅದೇ ಶಿಷ್ಯರು. ಆಟದ ಹೆಸರು ‘ಚೀ ನದಿಯ ಉಪ್ಪು’; ಚೀ ಅಂದರೆ ಊರಿನ ಪಕ್ಕದ ನದಿ. ಇರುವ ಒಂದೇ ಉಪ್ಪಿನ ಕಟ್ಟೆಯಿಂದ ದೋಣಿಗೆ ಉಪ್ಪು ತುಂಬಿ, ಹಳ್ಳಿ ಹಳ್ಳಿಗೆ ಮಾರಿ, ಪ್ರವಾಹ ಬರುವ ಮೊದಲು ಮನೆ ಸೇರಬೇಕು. ನಿಯಮದ ಹಾಳೆಯಲ್ಲಿ ಮೊದಲ ಸಾಲೇ ‘ಹಿರಿಯರಿಂದ ಆಟ ಶುರು’. ಹಲಗೆಯನ್ನು ಕೈಯಾರೆ ಬಣ್ಣ ಬಳಿದು ಮಾಡಿದ್ದರು. ಅಷ್ಟು ಚೆಂದದ ನದಿಯನ್ನು ಚಬಾ ಯಾವ ವಿದೇಶಿ ಡಬ್ಬದಲ್ಲೂ ಕಂಡಿರಲಿಲ್ಲ.

“ಇನ್ನೇನು ಅಚ್ಚಿಗೆ ಕೊಡ್ತೀನಿ ಚಬಾ,” ಅಂದರು ಮೇಷ್ಟ್ರು ಒಂದು ಭಾನುವಾರ. “ಅದಕ್ಕೆ ಮೊದಲು ನಿನ್ನ ಡಬ್ಬ ಬಿಚ್ಚೋ ಕಾರ್ಯಕ್ರಮದಲ್ಲಿ ನಾಲ್ಕು ಮಾತು ಹೇಳು. ನೀನು ಚೆನ್ನಾಗಿದೆ ಅಂದ್ರೆ ಜನ ನಂಬ್ತಾರೆ. ಮುಂದಿನ ಸೋಮವಾರ ನಾನೂ ಬರ್ತೀನಿ.”

ಚಬಾ ಕೈಮುಗಿದು ಒಪ್ಪಿಕೊಂಡಳು. ಆದರೆ ಪೂರ್ತಿ ಜಿದ್ದಿನಿಂದ ಆಡದೆ ಅವಳು ಯಾವ ಆಟದ ಬಗ್ಗೆಯೂ ಬಾಯಿ ಬಿಟ್ಟವಳಲ್ಲ. ಹಲಗೆಯನ್ನು ಅಲ್ಲಿಯವರೆಗೆ ಬೇಡಿ ತಂದಳು. ಅಂಗಡಿಯಲ್ಲಿ ತ್ಯಾನ್‌ನನ್ನು ಎದುರಿಗೆ ಕೂರಿಸಿಕೊಂಡು, “ನೋಡು, ಇಲ್ಲಿ ಮೇಷ್ಟ್ರಿಲ್ಲ. ಬಿಟ್ಟುಕೊಟ್ಟರೆ ಒದೆ ಬೀಳತ್ತೆ” ಅಂದಳು.

ಅವಳೇ ಹಿರಿಯಳು, ಅವಳಿಂದಲೇ ಶುರು. ಮೊದಲ ನಡೆಯಲ್ಲೇ ಉಪ್ಪಿನ ಕಟ್ಟೆಗೆ ದೋಣಿ ಕಟ್ಟಿದಳು. ಆಮೇಲೆ ತ್ಯಾನ್‌ಗೆ ಸಿಕ್ಕಿದ್ದೆಲ್ಲ ಅವಳು ಬಿಟ್ಟ ಪುಡಿ.

“ಅಕ್ಕ, ನೀನು ಇಷ್ಟು ಕೆಟ್ಟವಳು ಅಂತ ಗೊತ್ತಿರ್ಲಿಲ್ಲ.”

“ಈಗ ನೀನು ಶುರು ಮಾಡು.”

ತ್ಯಾನ್ ಕಟ್ಟೆಗೆ ದೋಣಿ ಕಟ್ಟಿದ. ಚಬಾ ಹಲ್ಲು ಕಚ್ಚಿ ಆಡಿದಳು, ತಿರುವಿನಲ್ಲಿ ಅಡ್ಡ ಹಾಕಿದಳು, ಹಳ್ಳಿಗಳನ್ನು ಮೊದಲೇ ಹಿಡಿದಳು. ಏನೂ ಪ್ರಯೋಜನವಾಗಲಿಲ್ಲ. ಇನ್ನೊಂದು ಆಟ, ಮತ್ತೊಂದು ಆಟ. ಯಾರು ಮೊದಲೋ ಕಟ್ಟೆ ಅವರದು, ಕಟ್ಟೆ ಯಾರದೋ ಗೆಲುವು ಅವರದು. ಉಳಿದವರು ಸುಮ್ಮನೆ ದೋಣಿ ತಳ್ಳಿಕೊಂಡು ಇರಬೇಕು.

ಚಬಾ ಕೈಯಲ್ಲಿದ್ದ ದೋಣಿ ಕೆಳಗಿಟ್ಟಳು. ಜಗಲಿಯಲ್ಲಿ ಮೊದಲ ಜಾಗ ಯಾವಾಗಲೂ ಮೇಷ್ಟ್ರದು. ಅವರು ಗೆದ್ದಾಗಲೆಲ್ಲ ಶಿಷ್ಯರು ಒಳಗೊಳಗೇ, ನಾನು ಬಿಟ್ಟುಕೊಟ್ಟೆ ಎಂದುಕೊಂಡಿದ್ದರು. ಹಾಗಾಗಿ ಆಟ ಕೆಟ್ಟಿದೆ ಎಂದು ಒಬ್ಬರ ಕಣ್ಣಿಗೂ ಬೀಳಲಿಲ್ಲ.

ಮೂಲೆಯಿಂದ ಅಮ್ಮ, “ಅಂದ್ರೆ ಇಷ್ಟು ದಿನ ನೀನು ದೊಡ್ಡ ಮನಸ್ಸು ಮಾಡಿ ಸೋತಿದ್ದಲ್ಲ, ಸುಮ್ಮನೆ ಸೋತಿದ್ದು” ಅಂದಳು. ಚಬಾಗೆ ನಾಚಿಕೆಯಾಯಿತು.

“ಏನು ಮಾಡೋಣ?” ಅಂದ ತ್ಯಾನ್. “ಚಿತ್ರ ಚೆನ್ನಾಗಿದೆ, ನದಿ ಚೆನ್ನಾಗಿದೆ ಅಂತ ಹೇಳಿ ಮುಗಿಸಕ್ಕ. ಅದು ಸುಳ್ಳಂತೂ ಅಲ್ಲ.”

“ಜನ ತಗೊಂಡು ಹೋಗ್ತಾರೆ. ಎರಡು ಸಲ ಆಡ್ತಾರೆ. ಆಮೇಲೆ ಬೀರು ಮೇಲೆ ಎತ್ತಿಡ್ತಾರೆ. ಮೇಷ್ಟ್ರ ನದಿ ಯಾರದೋ ಬೀರು ಮೇಲೆ ಧೂಳು ಹಿಡೀಬೇಕಾ?”

“ಮೇಷ್ಟ್ರಿಗೆ ಹೇಳೋದು ಯಾರು? ಆಟ ಕೆಟ್ಟಿದೆ ಅಂದ್ರೆ, ಯಾಕೆ ಮೊದಲೇ ಗೊತ್ತಾಗಲಿಲ್ಲ ಅಂತಾರೆ. ಆಗ ನಾವು ಬಿಟ್ಟುಕೊಡ್ತಿದ್ದದ್ದನ್ನೂ ಹೇಳ್ಬೇಕಾಗತ್ತೆ.”

“ಎರಡನ್ನೂ ನಾನೇ ಹೇಳ್ತೀನಿ.”

“ನಾನು ಆ ದಿನ ಊರಲ್ಲಿರಲ್ಲ.”

“ಇರ್ತೀಯ. ಮೈಕು ನೋಡಿಕೊಳ್ಳೋನು ನೀನೇ.”

ಸೋಮವಾರ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಒಂದು ಪೊಟ್ಟಣ ಕರಿದ ಬಾಳೆಹಣ್ಣು ಹಿಡಿದುಕೊಂಡು ಬಂದರು. ಆ ಅಂಗಿಗೆ ಇಸ್ತ್ರಿ ಹಾಕಿದ್ದು ಚಬಾಳೇ. ಮೊದಲು ಬಾಯಲ್ಲಿ ಹೇಳಬೇಕೆಂದು ಅವಳು ದಾರಿ ಕಾಯುತ್ತಿದ್ದಳು. ಅವರು ನಗುತ್ತಾ ಒಳಗೆ ಬಂದದ್ದನ್ನು ನೋಡಿ, ಹೇಳುವುದನ್ನು ಬಿಟ್ಟು ಹಲಗೆ ಬಿಚ್ಚಿದಳು. ಮಾತಿನಲ್ಲಿ ಆಗದಿದ್ದರೆ ಆಟದಲ್ಲೇ ಹೇಳುತ್ತೇನೆ ಎಂದುಕೊಂಡು, ಹಲಗೆಯ ಮುಂದೆ ಆಟ ಶುರು ಮಾಡುವವರ ಮೊದಲ ಕುರ್ಚಿಯಲ್ಲಿ ತಾನೇ ಕೂತಳು.

ಮೇಷ್ಟ್ರು ಕುರ್ಚಿ ನೋಡಿದರು, ಅವಳನ್ನು ನೋಡಿದರು. “ಹಿರಿಯರಿಂದ ಶುರು ಅಲ್ವೇನಮ್ಮಾ?”

“ಇವತ್ತೊಂದಿನ ನನ್ನಿಂದ ಮೇಷ್ಟ್ರೇ.”

ತ್ಯಾನ್ ಮೈಕಿನ ತಂತಿಯನ್ನು ವಿನಾಕಾರಣ ಒರೆಸತೊಡಗಿದ. ಚಬಾ ಕಟ್ಟೆ ಹಿಡಿದಳು. ಮೇಷ್ಟ್ರನ್ನು ಒಂದು ಹಳ್ಳಿಗೂ ಬಿಡದೆ ಸೋಲಿಸಿದಳು. ಆಡುವಾಗ ಅವಳ ಕಿವಿ ಬಿಸಿಯಾಗಿತ್ತು, ಆದರೂ ಕೈ ಪಕ್ಕಕ್ಕೆ ಸರಿಯಲಿಲ್ಲ.

“ದಾಳ ನಿನ್ನ ಕಡೆ ಇತ್ತು,” ಅಂದರು ಮೇಷ್ಟ್ರು. ಎರಡನೆಯ ಆಟ ಅವರಿಂದ ಶುರುವಾಯಿತು, ಅವರೇ ಗೆದ್ದು ಚಪ್ಪಾಳೆ ತಟ್ಟಿದರು. ಮೂರನೆಯದು ತ್ಯಾನ್‌ನಿಂದ. ಪಾಪ, ತ್ಯಾನ್‌ಗೆ ಎಲ್ಲ ಗೊತ್ತಿತ್ತು. ಆದರೂ ಎದುರಿಗೆ ಮೇಷ್ಟ್ರು ಕೂತಿದ್ದಾರೆ. ಅವನ ದೋಣಿ ಉಪ್ಪಿನ ಕಟ್ಟೆಯವರೆಗೆ ಹೋಗಿ, ತಾನಾಗಿ ಪಕ್ಕಕ್ಕೆ ತಿರುಗಿ, ಏನೂ ಸಿಗದ ಜೊಂಡಿನ ದಡಕ್ಕೆ ಹೋಗಿ ನಿಂತಿತು.

ಪರೀಕ್ಷೆಯ ಕೊಠಡಿಯಲ್ಲಿ ಜೀವಮಾನವೆಲ್ಲ ಅಡ್ಡಾಡಿದ ಕಣ್ಣು ಅದು. ಮೇಷ್ಟ್ರು ಕನ್ನಡಕ ತೆಗೆದರು.

“ತ್ಯಾನ್, ಕಟ್ಟೆ ಖಾಲಿ ಇತ್ತಲ್ಲ. ಯಾಕೆ ಹಿಡೀಲಿಲ್ಲ?”

ತ್ಯಾನ್ ಮತ್ತೆ ಮೈಕಿನ ತಂತಿ ಹಿಡಿದ.

“ಚಬಾ, ನೀನು ಹೇಳು.”

“ಮೊದಲು ಕೂತವರೇ ಗೆಲ್ತಾರೆ ಮೇಷ್ಟ್ರೇ. ಆಟದಲ್ಲಿ ಐಬಿದೆ. ಜಗಲೀಲಿ ಗೊತ್ತಾಗಲಿಲ್ಲ, ಯಾಕಂದ್ರೆ...” ಚಬಾ ತನ್ನ ದೋಣಿಯನ್ನು ಹಲಗೆಯಿಂದ ಎತ್ತಿಕೊಂಡಳು. “ಯಾಕಂದ್ರೆ ಅಲ್ಲಿ ನಿಮ್ಮೆದುರು ಯಾರೂ ಗೆಲ್ಲೋಕೆ ಆಡ್ತಾ ಇರ್ಲಿಲ್ಲ.”

“ಈ ಆಟ ಮಾತ್ರವಾ?”

ಇಲ್ಲಿಗೆ ನಿಲ್ಲಿಸಬಹುದಿತ್ತು. ಒಂದು ಸಣ್ಣ ಸುಳ್ಳು ಸಾಕಿತ್ತು.

“ಎಲ್ಲಾ ಆಟವೂ ಮೇಷ್ಟ್ರೇ. ಮೊದಲಿನಿಂದಲೂ.”

ಮೇಷ್ಟ್ರು ದೋಣಿಗಳನ್ನು ಒಂದೊಂದಾಗಿ ಡಬ್ಬಕ್ಕೆ ತುಂಬಿದರು. ಹಲಗೆ ಮಡಚಿದರು. ಬೈದಿದ್ದರೆ ಚೆನ್ನಾಗಿತ್ತು, ಅವರು ಡಬ್ಬ ಎತ್ತಿಕೊಂಡು ಹೊರಟುಹೋದರು. ಬಾಳೆಹಣ್ಣಿನ ಪೊಟ್ಟಣ ಮೇಜಿನ ಮೇಲೆಯೇ ಉಳಿಯಿತು.

“ಅಕ್ಕ, ಇದೆಲ್ಲ ರೆಕಾರ್ಡ್ ಆಗಿದೆ,” ಅಂದ ತ್ಯಾನ್ ಮೆಲ್ಲಗೆ.

“ಅಳಿಸು.”

ಆ ವಾರ ‘ಡಬ್ಬ ಬಿಚ್ಚೋಣ’ ಬರಲಿಲ್ಲ. ಭಾನುವಾರ ಜಗಲಿಯಲ್ಲಿ ಚಾಪೆ ಹಾಸಲಿಲ್ಲ. ಉಳಿದ ಶಿಷ್ಯರು ಚಬಾಳನ್ನು ಫೋನಿನಲ್ಲೇ ತರಾಟೆಗೆ ತೆಗೆದುಕೊಂಡರು. ಮುದುಕರ ಸಂತೋಷ ಕಿತ್ತುಕೊಂಡು ನಿನಗೇನು ಸಿಕ್ಕಿತು ಎಂದರು. ಅವಳು ಎಲ್ಲರ ಮಾತನ್ನೂ ಕೇಳಿದಳು, ಅತ್ತಳು ಕೂಡ, ಆದರೆ ತಪ್ಪು ಮಾಡಿದೆ ಎಂದು ಒಬ್ಬರ ಹತ್ತಿರವೂ ಒಪ್ಪಿಕೊಳ್ಳಲಿಲ್ಲ. ಒಗೆಯಲು ಬಂದಿದ್ದ ಮೇಷ್ಟ್ರ ಅಂಗಿಗಳನ್ನು ಇಸ್ತ್ರಿ ಮಾಡಿ ತಾನೇ ತೆಗೆದುಕೊಂಡು ಹೋದಳು. ಬಾಗಿಲು ಮುಚ್ಚಿತ್ತು, ಒಳಗೆ ರೇಡಿಯೋ ಹಾಡುತ್ತಿತ್ತು. ಅಂಗಿಗಳನ್ನು ಕಿಟಕಿಯ ಸರಳಿಗೆ ತೂಗುಹಾಕಿ, ಬಾಗಿಲಿಗೇ ಹೇಳಿದಳು:

“ಸೋಮವಾರ ಕುರ್ಚಿ ಹಾಕಿರ್ತೀನಿ ಮೇಷ್ಟ್ರೇ. ನೀವು ಬರೋವರೆಗೂ ಪ್ರತಿ ಸೋಮವಾರ ಹಾಕ್ತೀನಿ.”

ಮೊದಲ ಸೋಮವಾರ ಕುರ್ಚಿ ಖಾಲಿ ಇತ್ತು. ಎರಡನೆಯದೂ ಹಾಗೆಯೇ ಕಳೆಯಿತು. “ಬಿಡಕ್ಕ,” ಅಂದ ತ್ಯಾನ್. ಚಬಾ ಕುರ್ಚಿ ಒರೆಸಿ ಮತ್ತೆ ಅಲ್ಲೇ ಇಟ್ಟಳು.

ಮೂರನೆಯ ಸೋಮವಾರ ಷಟರ್ ಕೆಳಗಿನಿಂದ ಮೊದಲು ಒಂದು ಡಬ್ಬ ಒಳಗೆ ಬಂತು, ಹಿಂದೆ ಮೇಷ್ಟ್ರು ಬಗ್ಗಿಕೊಂಡು ಬಂದರು. ಬೆರಳಿಗೆ ಹಸಿರು ಬಣ್ಣ ಮೆತ್ತಿತ್ತು. ನದಿಯನ್ನು ಹೊಸದಾಗಿ ಬರೆದಿದ್ದರು. ಉಪ್ಪಿನ ಕಟ್ಟೆ ಈಗ ಒಂದೇ ಕಡೆ ನಿಲ್ಲುವುದಿಲ್ಲ, ಪ್ರತಿ ಸುತ್ತಿಗೂ ಪ್ರವಾಹದ ಚೀಟಿ ಎತ್ತಿ ಅದನ್ನು ಸರಿಸಬೇಕು. ನಿಯಮದ ಹಾಳೆಯ ಮೊದಲ ಸಾಲನ್ನು ಹೊಡೆದುಹಾಕಿದ್ದರು.

“ಅಚ್ಚಿನವರಿಗೆ ತಡೀರಿ ಅಂದಿದೀನಿ,” ಅಂದರು, ಯಾರ ಮುಖವನ್ನೂ ನೋಡದೆ. ಮೊದಲ ಕುರ್ಚಿ ದಾಟಿ ಹೋಗಿ ಕೊನೆಯದರಲ್ಲಿ ಕೂತರು. “ಇವತ್ತು ಯಾರಾದ್ರೂ ನಂಗೆ ಬಿಟ್ಟುಕೊಟ್ಟರೆ, ಪರೀಕ್ಷೇಲಿ ಕಾಪಿ ಹೊಡೆದ ಹಾಗೆ. ಕಿವಿ ಹಿಡಿದು ಹೊರಗೆ ಕಳಿಸ್ತೀನಿ. ತ್ಯಾನ್, ಕೇಳಿಸ್ತಾ?”

“ಕೇಳಿಸ್ತು ಮೇಷ್ಟ್ರೇ.”

ಮೇಷ್ಟ್ರು ಸೋತರು. ಮತ್ತೆ ಸೋತರು. ಒಮ್ಮೆ ತ್ಯಾನ್ ಕೈಯಲ್ಲೇ ಸೋತು, “ನಾನು ಇಷ್ಟು ಕೆಟ್ಟದಾಗಿ ಆಡ್ತೀನಾ?” ಎಂದು ನಿಜವಾಗಿ ಆಶ್ಚರ್ಯಪಟ್ಟರು. ಅಮ್ಮ, “ಕಲಿಸಿದವರು ಯಾರೂ ಇಲ್ವಲ್ಲ ಪಾಪ” ಅಂದಳು. ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕರು.

ಕೊನೆಯ ಆಟ ಉದ್ದ ಎಳೆಯಿತು. ಚಬಾಳ ದೋಣಿ ತುಂಬ ಉಪ್ಪಿತ್ತು, ಮನೆ ಎರಡೇ ಹೆಜ್ಜೆ ದೂರ. ಮೇಷ್ಟ್ರು ತಮ್ಮ ದೋಣಿಯನ್ನು ತಿರುವಿನಲ್ಲಿ ಅಡ್ಡ ನಿಲ್ಲಿಸಿ ಹಗ್ಗ ಬಿಗಿದರು. ಅವಳು ಸುತ್ತಿಕೊಂಡು ಹೋಗುವಷ್ಟರಲ್ಲಿ ಪ್ರವಾಹದ ಚೀಟಿ ಬಂತು. ಅವಳ ಉಪ್ಪೆಲ್ಲ ನೀರುಪಾಲು.

ಚಬಾ ಇಸ್ತ್ರಿ ಮೇಜಿಗೆ ಅಂಗೈ ಬಡಿದಳು. “ಛೇ! ಥೂ! ಬಾಯಿಗೆ ಬಂದ ತುತ್ತು ಹೋಯ್ತಲ್ಲ!” ಮುಖ ಕೆಂಪಗಾಗಿ ಕಣ್ಣಲ್ಲಿ ನೀರು ಬರುವಷ್ಟು ಹೊಟ್ಟೆ ಉರಿದಿತ್ತು.

ಮೇಷ್ಟ್ರು ಚಪ್ಪಾಳೆ ತಟ್ಟಲಿಲ್ಲ. ಅವಳ ಮುಖವನ್ನೇ ನೋಡುತ್ತಾ ಕೂತಿದ್ದರು. “ಈ ಮುಖ ನಾನು ಯಾವತ್ತೂ ನೋಡಿರ್ಲಿಲ್ಲ ಚಬಾ,” ಅಂದರು. ಹೊರಡಲು ಕೈಚೀಲ ಎತ್ತಿಕೊಂಡರು.

ತ್ಯಾನ್ ಮೈಕನ್ನು ಅವಳತ್ತ ತಿರುಗಿಸಿದ. “ಅಕ್ಕ, ಮತ್ತೆ ಬಿಚ್ಚುತ್ತೀಯಾ?”

“ಬಿಚ್ಚೋದೇನು ಬಂತು? ಮುಚ್ಚೋಕೇ ಬಿಡಲ್ಲ!” ಅಂದಳು ಚಬಾ, ದೋಣಿಗಳನ್ನು ರಪರಪ ಸಾಲಾಗಿ ನಿಲ್ಲಿಸುತ್ತಾ. “ಮೇಷ್ಟ್ರೇ, ಎಲ್ಲಿಗೆ ಹೊರಟ್ರಿ? ಗೆದ್ದು ಹಾಗೇ ಓಡಿಹೋದ್ರೆ ಆಗತ್ತಾ? ಕೂತ್ಕೊಳ್ಳಿ.”

ಮೇಷ್ಟ್ರು ಕೈಚೀಲ ಕೆಳಗಿಟ್ಟು ಕೂತರು.