ಚಿತ್ತಾದವನು ಏಳುವ ಆಟ

ನಮ್ಮ ಮಾವ ಮಂಟಯ್ಯನವರು ವಿಡಿಯೋ ಗೇಮ್ ಆಡಲು ಕೂರುವ ಮೊದಲು ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಹಣೆಗೊತ್ತಿಕೊಳ್ಳುತ್ತಿದ್ದರು. ಹೇಳಿದರೆ ಜನ ನಗುತ್ತಾರೆ. ನಗಲಿ, ನನಗೇನು.

ಪಿರಿಯಾಪಟ್ಟಣದ ತಂಬಾಕು ಹರಾಜಿನ ರಸ್ತೆಯಲ್ಲಿ ನಮ್ಮದೊಂದು ಎಸ್‌ಟಿಡಿ ಬೂತ್ ಇತ್ತು. ಅದರ ಹಿಂದೆ ಪರದೆ ಸರಿಸಿದರೆ ನಮ್ಮ ಮನೆ. ಎರಡು ಸಾವಿರದ ಒಂದರಲ್ಲಿ ನನ್ನ ಗಂಡ ನಟರಾಜು ಬಿಲ್ಲಿನ ಮಿಷಿನ್ ರಿಪೇರಿ ಮಾಡಿಸುತ್ತೇನೆಂದು ಮೈಸೂರಿಗೆ ಹೋದವರು, ಜೊತೆಗೆ ಒಂದು ಟಿವಿ ಗೇಮನ್ನೂ ಹೊತ್ತು ತಂದರು. ಕ್ಯಾಸೆಟ್ಟಿನ ಮೇಲೆ ನೂರು ಆಟ ಅಂತ ಅಚ್ಚಾಗಿತ್ತು. ಹಾಕಿ ನೋಡಿದರೆ ಅವವೇ ನಾಲ್ಕಾರು ಆಟಗಳು ಬೇರೆ ಬೇರೆ ಹೆಸರಿಟ್ಟುಕೊಂಡು ಸುತ್ತಿ ಸುತ್ತಿ ಬರುತ್ತಿದ್ದವು. ಎಂಥ ಪೆದ್ದ ಗಂಡನಪ್ಪ ನನಗೆ ಗಂಟುಬಿದ್ದದ್ದು ಎಂದು ಅವತ್ತು ಊಟಕ್ಕೂ ಕರೆಯಲಿಲ್ಲ. ಆದರೆ ಆ ನಾಲ್ಕಾರರಲ್ಲಿ ಬಾಕ್ಸಿಂಗ್ ಒಂದಿತ್ತು. ಫೋನು ಮಾಡಲು ಬಂದವರೆಲ್ಲ ಅದಕ್ಕೇ ಕೂರತೊಡಗಿದರು.

ತಂಬಾಕಿನ ಬೇಲು ಇಳಿಸಿ ಹರಾಜಿನ ಸರದಿ ಕಾಯುವ ರೈತರು, ಲಾರಿ ಡ್ರೈವರುಗಳು, ಮೂಟೆ ಹೊರುವವರು, ಇವರೇ ನಮ್ಮ ಗಿರಾಕಿಗಳು. ಕಾರಿನ ಆಟಕ್ಕೆ ತಿರುವು ಗೊತ್ತಿರಬೇಕು, ಬಂದೂಕಿನ ಆಟಕ್ಕೆ ಗುರಿ ಬೇಕು, ಬಾಕ್ಸಿಂಗಿಗೆ ಹೆಬ್ಬೆರಳೊಂದಿದ್ದರೆ ಸಾಕು ಎಂಬುದು ಅವರೆಲ್ಲರ ಒಮ್ಮತ. ಟಿವಿಯಲ್ಲಿ ಕೆಂಪು ಚಡ್ಡಿಯವನಿಗೆ ಏಟು ಬಿದ್ದರೆ ಇಲ್ಲಿ ಬೆಂಚಿನ ಮೇಲೆ ಕೂತವನು ತಲೆ ತಗ್ಗಿಸುತ್ತಿದ್ದ. ಗುದ್ದುವಾಗ ಪಕ್ಕದವನ ಪಕ್ಕೆಗೂ ಮೊಣಕೈ ತಾಗುತ್ತಿತ್ತು. ಲಾರಿ ಓಡಿಸುವ ಮಾದೇಶ ಎಂಬವನಿಗೆ ಒಮ್ಮೆ ನಾನೇ ಹೇಳಿದೆ, ಏಟು ತಡೆಯುವುದಕ್ಕೂ ಒಂದು ಬಟನ್ ಇದೆ, ಸ್ವಲ್ಪ ಅದನ್ನೂ ಒತ್ತು ಎಂದು.

"ಅದ್ಯಾಕಕ್ಕ? ದುಡ್ಡು ಕೊಟ್ಟಿರಾದು ಒಡಿಯಾಕೆ. ತಡಿಯಾದು ಮನೇಲಿ ಇದ್ದದ್ದೇ," ಎಂದ.

ಅವರಿಗೆಲ್ಲ ಅದು ಆಟ. ನಮ್ಮ ಮಾವನಿಗೆ ಮಾತ್ರ ಅದು ಕುಸ್ತಿ.

ಮಾವ ಹಳೆಯ ಪೈಲ್ವಾನರು. ಅಖಾಡದಲ್ಲಿ ಉಜ್ಜಿ ಉಜ್ಜಿ ಕಿವಿಗಳೆರಡೂ ಮುದುಡಿಹೋಗಿದ್ದವು. ಅರವತ್ತು ದಾಟಿದರೂ ಹೊಗೆಸೊಪ್ಪಿನ ಬೇಲನ್ನು ಒಬ್ಬರೇ ಮಗುಚುತ್ತಿದ್ದರು. ಮಾತು ಕಡಿಮೆ, ಹಟ ಜಾಸ್ತಿ. ಆ ಹಟ ನಮ್ಮ ಅತ್ತೆ ಭದ್ರಮ್ಮನವರ ಪಾಲಿಗೆ ದೊಡ್ಡ ಸಂಕಟವಾಗಿತ್ತು.

ಅತ್ತೆಯ ತವರು ಕೆ.ಆರ್. ನಗರದ ಕಡೆಯ ಭೇರ್ಯ. ಮದುವೆಯಾದ ಹೊಸದರಲ್ಲಿ ಅಲ್ಲಿ ಒಂದು ಕುಸ್ತಿ ನಡೆಯಿತಂತೆ. ಮಾವನ ಎದುರು ಜೋಡಿ ಕಟ್ಟಿದ್ದು ಯಾರನ್ನು? ಅತ್ತೆಯ ಸ್ವಂತ ತಮ್ಮ ಲಿಂಗಯ್ಯನವರನ್ನು. ನಮ್ಮ ಕಡೆ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು, ಚಿತ್ತಾದ ಅಂತಲೇ ಲೆಕ್ಕ, ಮತ್ತೆ ಏಳುವ ಮಾತೇ ಇಲ್ಲ. ಹೆಂಡತಿಯ ಊರಿನವರೆಲ್ಲ ನೋಡುತ್ತಿದ್ದಂತೆ ಭಾಮೈದ ಭಾವನನ್ನು ಎತ್ತಿ ಚಿತ್ ಮಾಡಿಬಿಟ್ಟ. ಮಾವ ಮೈಯ ಮಣ್ಣು ಕೊಡವದೆ ಎದ್ದು ಬಂದವರು ಆಮೇಲೆ ಭೇರ್ಯದ ಬಸ್ಸು ಹತ್ತಲಿಲ್ಲ, ಲಿಂಗಯ್ಯನವರ ಜೊತೆ ಮಾತೂ ಆಡಲಿಲ್ಲ. ನಟರಾಜು ಹುಟ್ಟುವುದಕ್ಕೂ ಮುಂಚಿನ ಕಥೆ ಇದು. ಅತ್ತೆ ಹೆತ್ತವರ ಸಾವಿಗೆ ಒಬ್ಬರೇ ಹೋಗಿ ಒಬ್ಬರೇ ಬಂದರು. "ಮುತ್ತೈದೆ ಒಬ್ಳೇ ಬಂದವ್ಳೆ ಅಂತ ಆಡ್ಕತಾರೆ ಕಣವ್ವ. ಒಂದ್ಸಲ ನಿಮ್ಮಾವನ ಜೊತೇಲಿ ಆ ಹೊಸ್ಲು ದಾಟ್ಬೇಕು," ಎಂದು ನನ್ನ ಬಳಿ ಎಷ್ಟೋ ಸಲ ಹೇಳಿಕೊಂಡಿದ್ದರು. ಮಾವನ ಮೇಲೆ ನನಗೆ ಪ್ರೀತಿ ಇತ್ತು, ಸಿಟ್ಟೂ ಇತ್ತು. ಇದು ಯಾವ ಸೀಮೆಯ ಪೌರುಷ?

ನಾನು ಊಟಕ್ಕೆ ಎದ್ದಾಗ ಬೂತ್ ನೋಡಿಕೊಳ್ಳಲು ಬಂದು ಮಾವ ಆಟ ಕಲಿತರು. ಕಲಿತರು ಅನ್ನುವುದಕ್ಕಿಂತ ಅಖಾಡಕ್ಕಿಳಿದರು ಅನ್ನಬೇಕು. ಎದುರಿನವನು ಅಂಗಾತ ಬಿದ್ದ ಕೂಡಲೇ ರಿಮೋಟನ್ನು ನೆಲಕ್ಕಿಟ್ಟು, ತೊಡೆ ತಟ್ಟಿ, ಮೀಸೆ ಸವರಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಬಿಳಿ ಅಂಗಿಯ ರೆಫರಿ ಒಂದು, ಎರಡು ಎಂದು ಎಣಿಸುತ್ತಿರುವಂತೆಯೇ ಬಿದ್ದವನು ಎದ್ದು, ಸುಮ್ಮನೆ ನಿಂತಿದ್ದ ಮಾವನ ಕೆಂಪು ಚಡ್ಡಿಯವನಿಗೆ ಚೆನ್ನಾಗಿ ಬಡಿದು ಮಲಗಿಸುತ್ತಿದ್ದ. ಬೆಂಚಿನವರು ಬಿದ್ದು ಬಿದ್ದು ನಗುತ್ತಿದ್ದರು.

"ಇದ್ಯಾವ ನ್ಯಾಯ? ಬೆನ್ನು ತಾಗ್ತು, ಚಿತ್ತಾದ. ಚಿತ್ತಾದೋನು ಎಂಗವ್ವ ಎದ್ದಾನು?" ಎಂದು ನನ್ನನ್ನು ಕೇಳಿದರು, ಅದನ್ನು ನಾನೇ ಮಾಡಿಟ್ಟ ಹಾಗೆ.

"ಇದು ಕುಸ್ತಿ ಅಲ್ಲ ಮಾವ. ಹತ್ತು ಎಣಿಸೋ ತನಕ ಸೋತಂಗಲ್ಲ. ಬಿದ್ದಿರೋನು ಬೇಗ ಬೇಗ ಬಟನ್ ಒತ್ತಿದ್ರೆ ಎದ್ದು ಮತ್ತೆ ಆಡ್ಬೋದು."

"ಬಿದ್ದೋನಿಗೆ ಅಷ್ಟೊತ್ತು ಕಾಯ್ತಾರಾ?" ಎಂದರು. ರಿಮೋಟನ್ನು ಬೆಂಚಿನ ಮೇಲಿಟ್ಟರು. "ಬುಡು, ಇದು ಗಂಡಸ್ರ ಆಟ ಅಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡರು. ಮರುದಿನ ಮತ್ತೆ ಬಂದು ಕೂತರು. ತಾವು ಬಿದ್ದರೂ ಅಷ್ಟೇ, ರಿಮೋಟ್ ಕೆಳಗಿಟ್ಟು ಎದ್ದೇಬಿಡುತ್ತಿದ್ದರು. ಪರದೆಯ ಸಂದಿಯಲ್ಲಿ ಸೊಪ್ಪು ಬಿಡಿಸುತ್ತ ಕೂತ ಅತ್ತೆ ಇದನ್ನೆಲ್ಲ ನೋಡುತ್ತಿದ್ದರೆಂದು ನನಗೆ ಆಗ ಗೊತ್ತಿರಲಿಲ್ಲ.

ಆ ವರ್ಷವೂ ಗೌರಿ ಹಬ್ಬಕ್ಕೆ ಲಿಂಗಯ್ಯನವರು ಅಕ್ಕನಿಗೆ ಬಾಗಿನ ತಂದರು. ಒಂದು ವರ್ಷವೂ ತಪ್ಪಿಸಿದವರಲ್ಲ ಪುಣ್ಯಾತ್ಮ. ಅವರು ಬರುವ ದಿನ ಮಾವ ಬೆಳಿಗ್ಗೆಯೇ ಹೊಲಕ್ಕೆ ಹೋಗಿಬಿಡುವುದು ರೂಢಿ. ಈ ಸಲ ಲಿಂಗಯ್ಯನವರು ಒಂದು ದಿನ ಮೊದಲೇ ಬಂದರು, ಮಗಳಿಗೆ ಕಾರ್ತೀಕದಲ್ಲಿ ಮದುವೆ ಗೊತ್ತಾಗಿತ್ತು, ಭಾವ ಹೊಲಕ್ಕೆ ಹೋಗುವ ಮೊದಲೇ ಹಿಡಿದು ಕರೆಯಬೇಕಿತ್ತು. ಮಾವ ಬೆಂಚಿನ ಮೇಲೆ ರಿಮೋಟ್ ಹಿಡಿದು ಸಿಕ್ಕಿಬಿದ್ದರು. ಲಿಂಗಯ್ಯನವರು ಒಳಗೆ ಹೋಗಿ ಬಾಗಿನದ ಮೊರ ಅಕ್ಕನ ಕೈಗಿತ್ತು, ಮದುವೆ ವಿಷಯ ಹೇಳಿ ಹೊರಗೆ ಬಂದರು. "ಭಾವ, ಮಗೀಗೆ ಮದ್ವೆ. ನೀವು ಬರ್ಬೇಕು," ಎಂದರು. ಮಾವ ಟಿವಿಯಿಂದ ಕಣ್ಣು ತೆಗೆಯಲಿಲ್ಲ.

ಏನೂ ಗೊತ್ತಿಲ್ಲದ ಮಾದೇಶ ನಡುವೆ ಬಾಯಿ ಹಾಕಿದ. ಲಿಂಗಯ್ಯನವರ ಮುದುಡಿದ ಕಿವಿ ಅವನ ಕಣ್ಣಿಗೆ ಬಿದ್ದಿತ್ತು. "ಓಹೋ, ನೀವೂ ಪೈಲ್ವಾನ್ರು. ಕೂತ್ಕಳಿ, ಒಳ್ಳೇ ಜೋಡಿ," ಎಂದು ಎರಡನೇ ರಿಮೋಟನ್ನು ಅವರ ಕೈಗೆ ತುರುಕಿದ.

ಮಾವ ಎದ್ದು ಹೋಗುತ್ತಾರೆಂದುಕೊಂಡೆ. ಆದರೆ ನಾಲ್ಕು ಜನರೆದುರು ಜೋಡಿ ಕೂಗಿದ ಮೇಲೆ ಪೈಲ್ವಾನನಾದವನು ಎದ್ದು ಹೋಗುವ ಹಾಗಿಲ್ಲ. ಲಿಂಗಯ್ಯನವರು ಚಪ್ಪಲಿ ಬಿಟ್ಟರು, ನೆಲ ಮುಟ್ಟಿ ಹಣೆಗೊತ್ತಿಕೊಂಡರು. ಮಾವ ಅದನ್ನು ಓರೆಗಣ್ಣಲ್ಲಿ ನೋಡಿದ್ದನ್ನು ನಾನು ನೋಡಿದೆ.

ಆಟ ಶುರುವಾಯಿತು. ಲಿಂಗಯ್ಯನವರಿಗೆ ಯಾವ ಬಟನ್ ಯಾವುದಕ್ಕೆಂದು ಗೊತ್ತಿಲ್ಲ, ಎಲ್ಲವನ್ನೂ ಒಟ್ಟಿಗೆ ಒತ್ತುತ್ತಿದ್ದರು. ಈ ಆಟದ ಕೆಟ್ಟ ಗುಣವೇ ಅದು, ಹಾಗೆ ಒತ್ತಿದವರೇ ಗೆಲ್ಲುವುದು. ಅವರ ನೀಲಿ ಚಡ್ಡಿಯವನ ಒಂದು ಗುದ್ದು ನೆಟ್ಟಗೆ ಗದ್ದಕ್ಕೆ ಬಿತ್ತು. ಮಾವನ ಕೆಂಪು ಚಡ್ಡಿಯವನು ಅಂಗಾತ ಬಿದ್ದ.

ಲಿಂಗಯ್ಯನವರು ಹಳೆಯ ಅಭ್ಯಾಸದಂತೆ ರಿಮೋಟ್ ನೆಲಕ್ಕಿಟ್ಟರು. ಬೆನ್ನು ತಾಗಿತಲ್ಲ, ಅವರ ಲೆಕ್ಕದಲ್ಲೂ ಕುಸ್ತಿ ಮುಗಿದಿತ್ತು. ಗೆದ್ದೆನೆಂಬ ಖುಷಿ ಅವರ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಮಾವನೂ ರಿಮೋಟ್ ಕೆಳಗಿಟ್ಟರು, ಮಂಡಿ ಹಿಡಿದುಕೊಂಡು ಏಳತೊಡಗಿದರು. ಈ ಸಲ ಎದ್ದು ಹೋದರೆ ಮದುವೆಯೂ ಇಲ್ಲ, ತವರೂ ಇಲ್ಲ, ನನಗೆ ಅಷ್ಟು ಖಾತ್ರಿಯಿತ್ತು.

ಆಗ ಪರದೆ ಸರಿಯಿತು. ಬಾಗಿನದ ಮೊರ ಸೊಂಟಕ್ಕೊತ್ತಿಕೊಂಡು ಅತ್ತೆ ನಿಂತಿದ್ದರು. ಗಿರಾಕಿಗಳಿರುವಾಗ ಅವರು ಯಾವತ್ತೂ ಹೊರಗೆ ಬಂದವರಲ್ಲ.

"ಎದ್ದು ಎಲ್ಲಿಗೋಗ್ತೀರಿ?" ಎಂದರು. ದನಿ ಏರಿಸಲಿಲ್ಲ. "ಕೂತ್ಕಂಡು ಅವನ್ನ ಏಳಿಸ್ರಿ. ಇನ್ನೂ ಎಣಿಸ್ತಾವ್ನೆ."

ಮಾವ ಹೆಂಡತಿಯನ್ನು ನೋಡಿದರು, ಟಿವಿಯನ್ನು ನೋಡಿದರು. ಬಿಳಿ ಅಂಗಿಯವನು ಆರು ಎನ್ನುತ್ತಿದ್ದ. ಮಾವ ದೊಪ್ಪೆಂದು ಕೂತು ರಿಮೋಟ್ ಎತ್ತಿಕೊಂಡು ಎರಡೂ ಹೆಬ್ಬೆರಳಲ್ಲಿ ಒತ್ತತೊಡಗಿದರು. ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. ಒಂಬತ್ತು ಎನ್ನುವಷ್ಟರಲ್ಲಿ ಕೆಂಪು ಚಡ್ಡಿಯವನು ತೂರಾಡುತ್ತ ಎದ್ದು ನಿಂತ.

ನೀಲಿ ಚಡ್ಡಿಯವನು ಎದುರಿಗೇ ಸುಮ್ಮನೆ ನಿಂತಿದ್ದ. ಲಿಂಗಯ್ಯನವರ ರಿಮೋಟ್ ಇನ್ನೂ ನೆಲದ ಮೇಲಿತ್ತು. "ಒಡೀರಿ ಯಜಮಾನ್ರೇ, ಈಗ ಒಡೀರಿ," ಎಂದು ಮಾದೇಶ ಪಿಸುಗುಟ್ಟಿದ. ಮಾವನ ಹೆಬ್ಬೆರಳು ಬಟನ್ನಿನ ಮೇಲೇ ನಿಂತುಬಿಟ್ಟಿತು.

"ಲಿಂಗ," ಎಂದರು. ಅಷ್ಟು ವರ್ಷದಲ್ಲಿ ಆ ಹೆಸರು ಅವರ ಬಾಯಲ್ಲಿ ಬಂದದ್ದು ಅದೇ ಮೊದಲು. "ಕೈಗೆ ತಗಳ್ಲಾ. ನಾನಿನ್ನೂ ಸೋತಿಲ್ಲ."

ಲಿಂಗಯ್ಯನವರಿಗೆ ರಿಮೋಟ್ ಎತ್ತಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು, ಕಣ್ಣು ಮಂಜಾಗಿತ್ತು. ನನಗೂ ಅಳು ಬಂತು, ಸುಳ್ಳೇಕೆ ಹೇಳಲಿ. ಕೊನೆಗೆ ಯಾರು ಗೆದ್ದರೆಂದು ಕೇಳಬೇಡಿ, ಅಷ್ಟು ಹೊತ್ತಿಗೆ ನಾನು ಒಳಗೆ ಅನ್ನಕ್ಕಿಡುತ್ತಿದ್ದೆ. ಊಟಕ್ಕೆ ಇಬ್ಬರೂ ಒಟ್ಟಿಗೆ ಕೂತರು ಎಂಬುದಷ್ಟೇ ಗೊತ್ತು.

ಕಾರ್ತೀಕದಲ್ಲಿ ಬೂತಿಗೆ ಬೀಗ ಹಾಕಿ ಎಲ್ಲರೂ ಮದುವೆಗೆ ಹೊರಟೆವು. ಭೇರ್ಯದಲ್ಲಿ ಬಸ್ಸಿಳಿದ ಮೇಲೆ ಮಾವ ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಚಪ್ಪಲಿ ಬಿಟ್ಟು, ಬಗ್ಗಿ, ರಸ್ತೆಯ ಪಕ್ಕದ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡರು.

"ಕುಸ್ತಿಗಲ್ಲ ಕಣ್ರೀ ಬಂದಿರಾದು, ಮದ್ವೆಗೆ," ಎಂದರು ಅತ್ತೆ. ಹೇಳುತ್ತಲೇ ಬಗ್ಗಿ ಅವರ ಚಪ್ಪಲಿಯನ್ನು ಕಾಲ ಬಳಿ ಸರಿಸಿ, ಅವರು ಮೆಟ್ಟಿಕೊಳ್ಳುವ ತನಕ ಪಕ್ಕದಲ್ಲೇ ಕಾದು ನಿಂತರು.