ಪಂಪ್‌ಹೌಸ್ ಗೋಡೆಯ ಮೇಲೆ ಎರಡು ಹೆಸರು

೧೯೯೭ರಲ್ಲಿ ಶೇಂಗಾ ವ್ಯಾಪಾರದ ಚಂದ್ರಶೇಖರ್ ಚಳ್ಳಕೆರೆಯ ಹಳೇ ಪೇಟೆ ಬಿಟ್ಟು ಪಾವಗಡ ರಸ್ತೆಯ ಹೊಸ ಬಡಾವಣೆಗೆ ಬಂದರು. ಅಲ್ಲಿದ್ದದ್ದು ಆರೇ ಮನೆ. ಉಳಿದದ್ದೆಲ್ಲ ಸೈಟಿನ ಕಲ್ಲು, ಜಾಲಿ. ಕಿರಿಮಗಳು ಶೈಲಜಾ ಆಗ ಹತ್ತನೇ ತರಗತಿ. ಶಾಲೆ ಬಿಟ್ಟ ಮೇಲೆ ಗೆಳತಿಯರು ಗುಂಪಾಗಿ ಪೇಟೆಯ ಕಡೆ ಹೋಗುತ್ತಿದ್ದರು, ಇವಳೊಬ್ಬಳೇ ಈ ಕಡೆ ಸೈಕಲ್ ತುಳಿಯುತ್ತಿದ್ದಳು. ಮನೆಯಲ್ಲಿ ಅಕ್ಕನ ಮದುವೆಯದು ಬಿಟ್ಟರೆ ಬೇರೆ ಮಾತಿರಲಿಲ್ಲ.

ಆ ವರ್ಷ ಇಬ್ಬರು ಗೆಳತಿಯರ ಹೆಸರು ಹುಡುಗರ ಹೆಸರಿನ ಜೊತೆ ಶಾಲೆಯ ಕಾಂಪೌಂಡಿನ ಮೇಲೆ ಕಾಣಿಸಿತ್ತು. ಅವರು ಅತ್ತರು, ವಾರವೆಲ್ಲ ತರಗತಿಯೇ ಅವರ ಸುತ್ತ ಇತ್ತು. ಒಂದು ಭಾನುವಾರ ಮಧ್ಯಾಹ್ನ ಶೈಲಜಾ ಬಡಾವಣೆಯ ಪಂಪ್‌ಹೌಸ್ ಗೋಡೆಗೆ ಇದ್ದಿಲಿನಲ್ಲಿ ತನ್ನ ಹೆಸರು ಬರೆದಳು. ಪಕ್ಕದಲ್ಲಿ ಬರೆಯಲು ಯಾರ ಹೆಸರೂ ಹೊಳೆಯಲಿಲ್ಲ. ಕೊನೆಗೆ, ಮನೆಗೆ ವೈರಿಂಗ್ ಮಾಡಿದ್ದ ತಳಕು ಊರಿನ ಬಾಲರಾಜನ ಹೆಸರು ಬರೆದಳು. ಅವನು ಇವಳೊಂದಿಗೆ ಆಡಿದ್ದು ಒಂದೇ ಮಾತು: "ಸ್ವಿಚ್ ಹಾಕಿ ನೋಡವ್ವ."

ಮರುದಿನ ಚಿಕ್ಕಪ್ಪ ಜಯದೇವಪ್ಪ ಅದನ್ನು ಕಂಡ. ಬರೆದವನು ಬಾಲರಾಜನೇ ಎಂದುಕೊಂಡು ಸಂಜೆಯೊಳಗೆ ಇನ್ನಿಬ್ಬರನ್ನು ಕೂಡಿಕೊಂಡು ಹೋಗಿ ಅವನಿಗೆ ಹೊಡೆದ. ಅವನ ಬಲಗೈ ಮುರಿಯಿತು.

ಸುದ್ದಿ ಕೇಳಿ ಶೈಲಜಾ ಅಪ್ಪನ ಮುಂದೆ ನಿಂತಳು.

"ಅದು ಬರ್ದಿದ್ದು ನಾನಪ್ಪ. ಅವನಿಗೇನೂ ಗೊತ್ತಿಲ್ಲ."

"ಅವನ್ನ ಉಳಿಸಾಕೆ ಸುಳ್ಳು ಹೇಳ್ತೀಯಾ?"

ಅವಳು ನೋಟ್‌ಬುಕ್ಕಿನಲ್ಲಿ ಎರಡೂ ಹೆಸರು ಬರೆದು ಹಾಳೆ ಹರಿದು ಕೊಟ್ಟಳು. ಬೆಳಿಗ್ಗೆ ಚಂದ್ರಶೇಖರ್ ಹಾಳೆ ಹಿಡಿದು ಗೋಡೆಯ ಮುಂದೆ ನಿಂತು ಅಕ್ಷರ ಹೋಲಿಸಿ ನೋಡಿದರು. ಮನೆಗೆ ಬಂದು, "ಹೋಗಿ ತೊಳಿ" ಎಂದರು, ಅಷ್ಟೆ. ಅವ್ವ ತಿಪ್ಪೇರುದ್ರಮ್ಮ ಮಾತ್ರ ಯಾಕೆ ಬರೆದೆ ಎಂದು ಕೇಳಿದರು. ಶೈಲಜಾ ಬಕೆಟ್ ಹಿಡಿದು ಪಂಪ್‌ಹೌಸ್ ಕಡೆ ಹೋದಳು.

ತಪ್ಪಾಯಿತೆನ್ನಲು ತಳಕಿಗೆ ಯಾರೂ ಹೋಗಲಿಲ್ಲ. ಮೊದಲು ಅಕ್ಕನ ಮದುವೆ ಮುಗಿಯಲಿ ಎಂದರು. ಮುಗಿದ ಮೇಲೆ ಆ ಮಾತೇ ಎತ್ತಲಿಲ್ಲ. ಶೈಲಜಾಳನ್ನು ರಾಂಪುರದ ಸೋದರತ್ತೆಯ ಮನೆಗೆ ಕಳಿಸಿದರು. ಅಲ್ಲೇ ಓದಿದಳು, ಮುಂದೆ ದೇವಸಮುದ್ರದಲ್ಲಿ ಟೀಚರ್ ಆದಳು.

೨೦೦೪ರ ಒಂದು ರಜೆಯ ದಿನ ತಳಕಿಗೆ ಹೋಗಿ ಬಾಲರಾಜನ ಮನೆ ಕೇಳಿಕೊಂಡು ಹೋದಳು. ಬಾಗಿಲಲ್ಲಿ ಅವನ ತಾಯಿ ಸೂರಮ್ಮ ಇದ್ದರು.

"ಗೋಡೆ ಮೇಲೆ ಹೆಸ್ರು ಬರ್ದೋಳು ನಾನೇ. ತಪ್ಪಾತು ಅಂತ ಹೇಳಾಕೆ ಬಂದೆ."

ಸೂರಮ್ಮ ಅವಳನ್ನು ನೋಡಿದರು. "ಅವನು ಬಳ್ಳಾರಿಯಾಗೆ ಅವ್ನೆ. ಕೈ ಪೂರ್ತಿ ಮೇಲಕ್ಕೆ ಬರಲ್ಲ, ಆದ್ರೂ ಕೆಲ್ಸ ಮಾಡ್ತಾನೆ. ನೀನು ಬಂದಿದ್ದೆ ಅಂತ ಹೇಳ್ತೀನಿ. ಕೇಳ್ತಾನೋ ಇಲ್ವೋ."

ಕುಡಿಯಲು ನೀರು ಕೊಟ್ಟರು. ಕೂರು ಎನ್ನಲಿಲ್ಲ.

ಚಳ್ಳಕೆರೆಗೆ ಹೋದಾಗ ಶೈಲಜಾ ಇದನ್ನು ಅಪ್ಪನಿಗೆ ಹೇಳಿದಳು. ಚಂದ್ರಶೇಖರ್ ಕನ್ನಡಕ ತೆಗೆದು ಒರೆಸಿಕೊಂಡರು.

"ನಾನು ಹೋಗ್ಬೇಕಿತ್ತು" ಎಂದರು.